ಖಾರ ಏನಿಲ್ಲ ರೀ

ನಾನು ಬುಧವಾರ ಬುಧವಾರ ಊಟ ಮಾಡುವ ಶಿಕಾರಿಪುರದ ಹೋಟೆಲಿನಲ್ಲಿ ಹೊಸದೊಂದು ಬೋರ್ಡು ಬಂದಿದೆ. ಕೈ ತೊಳೆಯುವ ಬೇಸಿನ್ನಿನ ಮೇಲೆ, ಮೊದಲು ಕನ್ನಡಿ ಇದ್ದ ಜಾಗದಲ್ಲಿ, ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರ: ‘ಗ್ರಾಹಕರ ಗಮನಕ್ಕೆ. ನಮ್ಮಲ್ಲಿ ಖಾರ ಎಂದರೆ ಮೆಣಸಿನಕಾಯಿ ಮಾತ್ರ.’ ಕೆಳಗೆ ಜಾಗ ಉಳಿಯಿತೆಂದು ಪೇಂಟರು ಒಂದು ಮೆಣಸಿನಕಾಯಿಯನ್ನೂ ಬರೆದಿದ್ದಾರೆ. ಅದು ಬದನೆಕಾಯಿಯ ಹಾಗೆ ಕಾಣುತ್ತದೆ. ಅದು ಬೇರೆ ಮಾತು.

ಹೊರ ಊರಿನವರು ಬೋರ್ಡು ಓದಿ ನಗುತ್ತಾರೆ. ಖಾರ ಎಂದರೆ ಮೆಣಸಿನಕಾಯಿ ಅಲ್ಲದೆ ಮತ್ತೇನು ಬೆಲ್ಲವೇ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ಊರಿನವರು ನಗುವುದಿಲ್ಲ. ಓದಿ, ತಿರುಗಿ, ನನ್ನನ್ನು ನೋಡುತ್ತಾರೆ.

ನೋಡಲಿ, ಅಡ್ಡಿಯಿಲ್ಲ. ಕೇಳುತ್ತಾರಲ್ಲ, ಅದರಿಂದ ನನಗೆ ಸಾಕುಸಾಕಾಗಿದೆ. ‘ಮೇಡಂ, ನೀವು ಅಲ್ಲೇ ಇದ್ರಂತಲ್ಲ, ಅವತ್ತು ಏನಾಯ್ತು ಹೇಳ್ರಿ’ ಎನ್ನುತ್ತಾರೆ. ನಾನು ಹೇಳತೊಡಗಿದರೆ ಮೂರನೆಯ ವಾಕ್ಯಕ್ಕೆ ನನ್ನನ್ನು ತಡೆದು, ಏನಾಯಿತೆಂದು ಅವರೇ ನನಗೆ ಹೇಳುತ್ತಾರೆ. ಆನವಟ್ಟಿಯಲ್ಲಿ ಸೊಪ್ಪು ಮಾರುವಾಕೆಯ ಪ್ರಕಾರ ಅಜ್ಜ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದ. ಸೊರಬದ ಜೆರಾಕ್ಸ್ ಅಂಗಡಿಯಲ್ಲಿ ಅಜ್ಜ ಒಬ್ಬನಲ್ಲ, ಮೂವರಾಗಿದ್ದಾರೆ. ನನ್ನ ಸ್ವಂತ ದೊಡ್ಡಣ್ಣ ಕುಬಟೂರಿನಿಂದ ಫೋನು ಮಾಡಿ, ‘ಕುರಿ ಮಾಂಸ ಅಂತಲ್ಲೇ?’ ಎಂದ. ಕುರಿಯಲ್ಲ, ಕೋಳಿ ಎಂದೆ. ‘ನಿಂಗೆ ಸರಿ ಗೊತ್ತಿಲ್ಲ ಬಿಡು’ ಎಂದ. ನನ್ನ ತಟ್ಟೆಯಲ್ಲಿದ್ದದ್ದು ಏನೆಂದು ನನಗೇ ಗೊತ್ತಿಲ್ಲವಂತೆ.

ನಾನು ಜಮೀನು ಅಳೆಯುವವಳು. ಸೊರಬ, ಶಿಕಾರಿಪುರ ಎರಡೂ ತಾಲೂಕಿನ ಹೊಲಗಳಲ್ಲಿ ಇಪ್ಪತ್ತು ವರ್ಷಗಳಿಂದ ಸರಪಳಿ ಎಳೆಸಿದ್ದೇನೆ. ಗಡಿಕಲ್ಲನ್ನು ಒಂದು ಗೇಣು ಆಚೆ ಬರೆದರೆ ಅಣ್ಣನ ಮನೆಯ ಸಾವಿಗೆ ತಮ್ಮ ಹೋಗದಂತಾಗುತ್ತದೆ. ಅಂಥದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಹಜರಿನಲ್ಲಿ ‘ಸುಮಾರು’ ಎಂಬ ಪದ ಕಂಡರೆ ನನಗೆ ಮೈಯುರಿಯುತ್ತದೆ. ಅಂಥವಳ ಎದುರೇ ನಿಂತು, ಒಬ್ಬ ಅಜ್ಜನನ್ನು ಮೂರು ಮಾಡುತ್ತಾರೆ. ಆದ್ದರಿಂದ ಆದದ್ದನ್ನು ಆದಷ್ಟೇ ನಿಮಗಾದರೂ ಹೇಳಿಬಿಡುತ್ತೇನೆ. ದಯವಿಟ್ಟು ನಡುವೆ ಬಾಯಿ ಹಾಕಬೇಡಿ.

ಮೊದಲು ಕಬಾಬಿನ ವಿಷಯ. ದೊಡ್ಡ ಊರಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಒಮ್ಮೆ ನನ್ನೆದುರು ಕುಳಿತು, ‘ಇದು ಕಬಾಬೇ ಅಲ್ಲ, ಕಬಾಬ್ ಅಂದ್ರೆ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡೋದು’ ಎಂದು ಪಾಠ ಹೇಳಿದರು. ಸುಡಲಿ. ನಮ್ಮಲ್ಲಿ ಕಬಾಬ್ ಎಂದರೆ ಎಲುಬು ಸಮೇತ ಕತ್ತರಿಸಿದ ಕೋಳಿಯ ತುಂಡುಗಳಿಗೆ ಮೆಣಸಿನಪುಡಿ, ಶುಂಠಿ, ಬೆಳ್ಳುಳ್ಳಿ ಮೆತ್ತಿ, ಕುದಿಯುವ ಎಣ್ಣೆಗೆ ಬಿಟ್ಟು, ಕರಿಬೇವಿನೊಂದಿಗೆ ತೆಗೆಯುವುದು. ಕೆಂಪೆಂದರೆ ಕುಂಕುಮದ ಕೆಂಪು. ಬಾಣಲೆ ಹೋಟೆಲಿನ ಬಾಗಿಲಲ್ಲೇ ಇದೆ. ಕರಿಬೇವು ಎಣ್ಣೆಗೆ ಬಿದ್ದು ಚಟಪಟ ಎಂದರೆ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಗ್ಯಾಸಿನ ಮಾತ್ರೆ ಕೊಳ್ಳುತ್ತಿರುವವರೂ ತಿರುಗಿ ನೋಡುತ್ತಾರೆ. ಕೆಲವರು ಮಾತ್ರೆ ಜೇಬಿಗಿಟ್ಟುಕೊಂಡು ನೇರ ಒಳಗೇ ಬರುತ್ತಾರೆ.

ಅಲ್ಲೊಂದು ‘ಫ್ಯಾಮಿಲಿ ರೂಮ್’ ಇದೆ. ಹೆಂಗಸು ಒಬ್ಬಳೇ ಹೋದರೂ ಅಲ್ಲೇ ಕೂರಿಸುತ್ತಾರೆ. ಹೀಗಾಗಿ ವಾರಕ್ಕೊಮ್ಮೆ ನಾನೊಬ್ಬಳೇ ಒಂದು ಸಂಸಾರ. ಆ ಕೋಣೆಗೆ ಬಡಿಸುವವನು ನಜೀರ್. ಆನವಟ್ಟಿಯವನು, ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಾನೆ. ಆನವಟ್ಟಿಯ ಶಾಲೆಯಲ್ಲಿ ನನಗಿಂತ ಐದು ತರಗತಿ ಹಿಂದಿದ್ದ. ಈಗ ಅವನ ಮೀಸೆಯೂ ನರೆತಿದೆ. ನಾನು ಕುಳಿತ ಕೂಡಲೇ ಕೇಳದೆಯೇ ಅರ್ಧ ಪ್ಲೇಟ್ ಕಬಾಬ್, ಎರಡು ಹೋಳು ನಿಂಬೆ, ಈರುಳ್ಳಿ ತಂದಿಡುತ್ತಾನೆ. ‘ಅಕ್ಕ, ಇವತ್ತು ಖಾರ ಮೇಲಾಗೈತೆ, ನೋಡ್ಕೊಂಡು’ ಎನ್ನುತ್ತಾನೆ. ನಾನು ‘ಖಾರ ಏನಿಲ್ಲ ಬಿಡೋ’ ಎನ್ನುತ್ತೇನೆ. ಹೇಳುತ್ತಲೇ ಎರಡನೆಯ ಲೋಟ ನೀರು ಕುಡಿಯುತ್ತೇನೆ.

ತಾಪತ್ರಯವೆಲ್ಲ ಇರುವುದು ಈ ಮಾತಿನಲ್ಲೇ.

ಕುಬಟೂರಿನಲ್ಲಿ ನಾವು ಮೂವರು ಮಕ್ಕಳು. ಇಬ್ಬರು ಅಣ್ಣಂದಿರು, ಕೊನೆಯವಳು ನಾನು. ಹಳೆಯ ದೇವಸ್ಥಾನದ ಹಿಂದಿನ ಕಲ್ಲುಚಪ್ಪಡಿಯ ಮೇಲೆ ಕುಳಿತು ಸೂಜಿಮೆಣಸು ತಿನ್ನುವ ಪಂದ್ಯ ನಡೆಯುತ್ತಿತ್ತು. ಸೂಜಿಮೆಣಸು ನೋಡಲು ಭತ್ತದ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಬಾಯಿಗೆ ಹಾಕಿದರೆ ಕಿವಿಯೊಳಗೆ ಶಂಖ ಊದಿದಂತಾಗುತ್ತದೆ. ‘ಹಾ’ ಎಂದವರು ಸೋತಂತೆ. ಸೋತವರು ಆ ದಿನ ಎಲ್ಲರ ತಟ್ಟೆ ತೊಳೆಯಬೇಕು. ನನಗೆ ಆಗ ಆರು ವರ್ಷ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ‘ಖಾರ ಏನಿಲ್ಲ’ ಎಂದೆ. ಅಣ್ಣಂದಿರು ದಂಗಾದರು. ಅಜ್ಜಿ ಬೆಲ್ಲದ ಚೂರು ತಂದು ಬಾಯಿಗೆ ಹಿಡಿದರೆ ತುಟಿ ಬಿಗಿದುಕೊಂಡೆ, ಬೆಲ್ಲ ತಿಂದರೆ ಸೋಲು ಒಪ್ಪಿದಂತೆ ಎಂದು. ಅಂದು ತಟ್ಟೆ ತೊಳೆದದ್ದು ದೊಡ್ಡಣ್ಣ. ಅಂದಿನಿಂದ ಇಂದಿನವರೆಗೆ ‘ಖಾರವಾಗಿದೆ’ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ. ಹೊಟ್ಟೆ ಕೆಟ್ಟದ್ದಿದೆ, ಡಾಕ್ಟರರು ಬೈದದ್ದಿದೆ. ಮಾತು ಬಂದಿಲ್ಲ.

ಇದು ನಮ್ಮ ಸೊರಬದ ಕಡೆಯ ಖಾರ. ನಾಲಗೆಯ ಮೇಲಿನದು. ಶಿಕಾರಿಪುರ ದಾಟಿ ಮಾಸೂರಿನ ದಿಕ್ಕಿಗೆ ಹೋದಂತೆ ಬಯಲು ತೆರೆದುಕೊಳ್ಳುತ್ತದೆ, ಮಾತು ಬದಲಾಗುತ್ತದೆ, ಖಾರದ ಅರ್ಥವೂ ಬದಲಾಗುತ್ತದೆ. ಅಲ್ಲಿ ಸಿಹಿ ಊಟ ಎಂದರೆ ಹೋಳಿಗೆಯ ಊಟ. ಖಾರದ ಊಟ ಎಂದರೆ ಮಾಂಸದ ಊಟ. ಮಾಂಸ ಎಂದು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟ ಯಾರೋ ಹಿರಿಯರು ಖಾರ ಎಂದು ತೇಲಿಸಿರಬೇಕು. ಮಾತು ಹಾಗೆಯೇ ನಿಂತಿತು. ಹೊಸಬರು ಹೋಟೆಲಿಗೆ ಬಂದು ನಾನ್‌ವೆಜ್ ಎನ್ನುತ್ತಾರೆ. ಹಳಬರ ಬಾಯಲ್ಲಿ ಇನ್ನೂ ಖಾರವೇ.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕಡೆಯ ಹಳ್ಳಿಯೊಂದರಲ್ಲಿ ಹೊಲ ಅಳೆದು ಮುಗಿಸಿದಾಗ ಮನೆಯ ಯಜಮಾನರು, ‘ಇವತ್ತ ನಮ್ಮಲ್ಲಿ ಖಾರ ಐತ್ರಿ, ಉಂಡು ಹೋಗ್ರಿ’ ಎಂದರು. ಆ ವಾರ ನನಗೆ ಹೊಟ್ಟೆ ಸರಿಯಿರಲಿಲ್ಲ. ಖಾರ ಎಂದು ಒಪ್ಪಿಕೊಳ್ಳುವವಳಲ್ಲದಿದ್ದರೂ ಡಾಕ್ಟರರ ಹೆಸರು ಹೇಳಿ, ‘ನಂಗೆ ಖಾರ ಆಗಲ್ಲ ರೀ’ ಎಂದೆ. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, ‘ಓಹೋ, ತಪ್ಪಾತ್ರಿ, ನಮಗ ಗೊತ್ತಾಗಲಿಲ್ಲ’ ಎಂದು ಕೈಮುಗಿದರು. ಪಕ್ಕದ ಮನೆಯಿಂದ ಬೇರೆ ತಟ್ಟೆ ತರಿಸಿ, ನನ್ನನ್ನು ಹೊರಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿ, ಭಯಭಕ್ತಿಯಿಂದ ಮೊಸರನ್ನ ಬಡಿಸಿದರು. ಒಳಗೆ ನನ್ನ ಸರಪಳಿ ಹಿಡಿಯುವ ಆಳು ಕುರಿಸಾರಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ಆ ವಾಸನೆಯ ಎದುರು ಮೊಸರನ್ನ ನುಂಗಿದ ಅಪಮಾನ ನನಗೆ ಇನ್ನೂ ನೆನಪಿದೆ. ಅಂದೇ ಈ ಪದವನ್ನು ಕಲಿತೆ. ಕಲಿತವಳು ಸರಿಯಾದ ಹೊತ್ತಿಗೆ ಮರೆತೆ.

ಈಗ ಆ ದಿನ.

ಬುಧವಾರ, ಮಧ್ಯಾಹ್ನ ಒಂದೂವರೆ. ಹೊರಗಿನ ಹಾಲು ತುಂಬಿದ್ದರಿಂದ ಇಬ್ಬರು ಗಂಡಸರನ್ನು ಫ್ಯಾಮಿಲಿ ರೂಮಿಗೆ ಕಳಿಸಿದರು. ಒಬ್ಬರು ಎಪ್ಪತ್ತು ದಾಟಿದ ಹಿರಿಯರು, ಬಿಳಿ ಧೋತರ, ಬಿಳಿ ಟೋಪಿ. ಹೆಸರು ಚನ್ನಬಸಪ್ಪನವರು ಎಂದು ಆಮೇಲೆ ತಿಳಿಯಿತು. ಜೊತೆಗಿದ್ದವನು ಅವರ ಅಳಿಯ. ಮಾಸೂರಿನ ಕಡೆಯವರು, ಮಾರುಕಟ್ಟೆಗೆ ಬಂದಿದ್ದರು. ಹಣೆಯ ಮೇಲೆ ವಿಭೂತಿ ಇತ್ತೇ ಎಂದು ಎಲ್ಲರೂ ಕೇಳುತ್ತಾರೆ. ಇದ್ದರೂ ಬೆವರಿಗೆ ಅಳಿಸಿರಬೇಕು, ನಾನು ಕಾಣಲಿಲ್ಲ. ಕಂಡೆ ಎನ್ನುವವರು ಅಲ್ಲಿರಲಿಲ್ಲ.

ಅವರು ನನ್ನ ಟೇಬಲ್ಲಿಗೆ ಮೂರಡಿ ದೂರದಲ್ಲಿ ಕುಳಿತರು. ಅಳಿಯನಿಗೆ ಫೋನು ಬಂತು. ‘ಏನರ ಹೇಳ್ರಿ ಮಾವ, ಎರಡು ನಿಮಿಷ’ ಎಂದು ಹೊರಗೆ ಹೋದ. ನಾನು ಆಗಷ್ಟೇ ಮೊದಲನೆಯ ತುಂಡು ಕಚ್ಚಿದ್ದೆ. ತಟ್ಟೆಯಲ್ಲಿ ಇನ್ನೂ ಎಲುಬು ಬಿದ್ದಿರಲಿಲ್ಲ. ಅಂದಿನ ಖಾರ ಎಂದಿನದಲ್ಲ. ಕಣ್ಣು ತುಂಬಿ ಬಂದು ಗೋಡೆಯ ಗಡಿಯಾರ ಎರಡಾಗಿ ಕಾಣುತ್ತಿತ್ತು. ಹಿರಿಯರು ಬಾಗಿ ನನ್ನ ತಟ್ಟೆ ನೋಡಿದರು. ಅವರ ಮೊಮ್ಮಕ್ಕಳು ಗೋಬಿ ಮಂಚೂರಿ ತಂದುಕೊಟ್ಟು ರುಚಿ ಹತ್ತಿಸಿದ್ದರಂತೆ. ಎರಡೂ ಸಿಗುವ ನಮ್ಮ ಹೋಟೆಲುಗಳಲ್ಲಿ ಹೂಕೋಸಿಗೂ ಕೋಳಿಗೂ ಬಳಿಯುವ ಬಣ್ಣ ಒಂದೇ.

‘ಅಕ್ಕಾರ, ಇದು ಖಾರ ಏನ್ರಿ?’ ಎಂದು ಕೇಳಿದರು.

ಕಣ್ಣೀರು ಒರೆಸಿಕೊಂಡು ನಾನು, ‘ಖಾರ ಏನಿಲ್ಲ ರೀ, ಆರಾಮಾಗಿ ತಿನ್ನಬಹುದು’ ಎಂದೆ.

ಇಷ್ಟೇ. ಆದದ್ದೆಲ್ಲ ಇದರಿಂದಲೇ. ಮುಂದಿನ ಮಾತುಕತೆಯನ್ನೂ ಅಕ್ಷರ ಬಿಡದೆ ಬರೆಯುತ್ತೇನೆ. ಹಿರಿಯರು ನಜೀರನನ್ನು ಕರೆದರು.

‘ತಮ್ಮಾ, ಅಕ್ಕಾರಿಗೆ ಕೊಟ್ಟೀಯಲ್ಲ, ಅದ್ನ ಒಂದು ಪ್ಲೇಟ್ ತಾ. ಖಾರ ಇರಬಾರ್ದು ನೋಡು ಮತ್ತ.’

‘ಕಮ್ಮಿ ಹಾಕಿಸ್ತೀನಿ ಅಜ್ಜಾರೆ.’

‘ಕಮ್ಮಿ ಅಲ್ಲೋ ಮಾರಾಯಾ! ಒಟ್ಟ ಇರಬಾರ್ದು. ನಮಗ ಆಗಿಬರಂಗಿಲ್ಲ.’

‘ಒಟ್ಟೂ ಇಲ್ದಂಗೆ ಮಾಡಿಸ್ತೀನಿ, ನೀವು ಕೂತ್ಕಳಿ’ ಎಂದು ನಜೀರ್ ಒಳಗೆ ಹೋದ. ಕಮ್ಮಿ ಅಲ್ಲೋ ಮಾರಾಯಾ ಎಂಬುದಕ್ಕೆ ನಾನು ನಕ್ಕೆ ಕೂಡ. ಬಯಲುಸೀಮೆಯ ಅಜ್ಜನಿಗೆ ಮೆಣಸಿನಕಾಯಿಯ ಭಯ ನೋಡು ಎಂದುಕೊಂಡೆ.

ಒಳಗಿನಿಂದ ಭಟ್ಟರ ಕೂಗಾಟ ಕೇಳಿಸಿತು. ಹೆಸರಿಗೆ ಭಟ್ಟರು, ಹೋಟೆಲಿನಲ್ಲಿ ಒಲೆಯ ಮುಂದೆ ನಿಂತವರೆಲ್ಲ ಭಟ್ಟರೇ. ‘ಕಲಸಿಟ್ಟಿದ್ದನ್ನ ತೊಳಿಬೇಕಾ? ನಿಂಗೇನು ತಲೆ ಕೆಟ್ಟೈತಾ?’ ನಜೀರ್ ಏನೋ ಸಮಾಧಾನ ಹೇಳಿದ. ನಲ್ಲಿಯ ಸದ್ದು ಕೇಳಿಸಿತು. ಏಳೆಂಟು ನಿಮಿಷದ ಮೇಲೆ ಉಪ್ಪು, ಅರಿಸಿನ ಮಾತ್ರ ಹಾಕಿ ಕರಿದ, ಬಿಳಿಚಿಕೊಂಡ ತುಂಡುಗಳ ತಟ್ಟೆ ಬಂತು.

ಮೊದಲ ತುಂಡು ಮೆತ್ತನೆಯದಿರಬೇಕು. ಹಿರಿಯರು ತಿಂದು ತಲೆದೂಗಿದರು. ಎರಡನೆಯದನ್ನು ಕಚ್ಚಿ ನಿಲ್ಲಿಸಿದರು. ನಾಲಗೆಯಿಂದ ಬಾಯಿಯನ್ನೆಲ್ಲ ತಡಕಿ ನೋಡಿಕೊಂಡರು. ಹಲ್ಲು ಬಿತ್ತೆಂದುಕೊಂಡಿದ್ದರು. ಬೆರಳು ಹಾಕಿ ತೆಗೆದು, ಅಂಗೈ ಮೇಲಿಟ್ಟುಕೊಂಡು, ಕನ್ನಡಕ ಸರಿಮಾಡಿ ನೋಡಿದರು. ಹಲ್ಲಿಗಿಂತ ಉದ್ದವಿತ್ತು.

ಅವರು ಕೂಗಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಎಲ್ಲ ಕಥೆಗಳಲ್ಲಿಯೂ ಅವರು ಕೂಗುತ್ತಾರೆ. ಅಂಗೈ ತೆರೆದುಕೊಂಡು ಕುಳಿತೇ ಇದ್ದರು. ಏನು ನುಂಗಿದೆನೆಂದು ತಿಳಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ಆಗ ಅಳಿಯ ಬಂದ. ಅಂಗೈ ನೋಡಿದ.

ಕೂಗಿದ್ದು ಅವನು. ‘ಏನ್ ತಿನಿಸೀಯೋ ಇವರಿಗೆ?’ ಎಂದು ನಜೀರನ ಕೊರಳಪಟ್ಟಿ ಹಿಡಿದ. ಹಾಲಿನಲ್ಲಿದ್ದವರು ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಬಂದರು. ಒಬ್ಬ ಫೋನು ಮೇಲೆತ್ತಿ ಹಿಡಿದ.

‘ಎಪ್ಪತ್ತು ವರ್ಷ ಮುಟ್ಟಿಲ್ಲ ನಮ್ಮ ಮಾವ! ಮಾವ, ನೀವು ಕೇಳಿರಿಲ್ಲೋ?’

‘ಕೇಳೀನಿ. ಖಾರ ಏನ್ರಿ ಅಂತ ಕೇಳೀನಿ. ಇಲ್ಲ ಅಂದ್ರು’ ಎಂದರು ಹಿರಿಯರು, ಅಂಗೈ ನೋಡುತ್ತಲೇ.

‘ಕೇಳಿದ್ರಪ್ಪ, ಕೇಳಿದ್ರ! ಕೇಳಿದ ಮ್ಯಾಲೂ ಇಲ್ಲ ಅಂತ ಹೇಳಿ ಕೊಟ್ಟಾನ. ಬೇಕಂತ್ಲೇ ಮಾಡ್ಯಾನ ಇಂವ.’

ಆ ಪದಕ್ಕೆ ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಒಳಗೆ ಬಂದರು. ಬೇಕಂತ್ಲೇ. ಸಾಧಾರಣ ಪದ. ಬೇಕಂತ್ಲೇ ಬಸ್ ನಿಲ್ಲಿಸಲಿಲ್ಲ, ಬೇಕಂತ್ಲೇ ನೀರು ಬಿಡಲಿಲ್ಲ ಎಂದು ದಿನವೂ ಆಡುತ್ತೇವೆ. ಆದರೆ ಈಗೀಗ ಅದನ್ನು ಯಾರ ಹೆಸರಿನ ಪಕ್ಕ ಇಡುತ್ತೀರಿ ಎಂಬುದರ ಮೇಲೆ ಅದರ ಭಾರ ಬದಲಾಗುತ್ತದೆ. ಬಾಗಿಲಲ್ಲಿದ್ದ ಯಾರೋ, ‘ಇವನ ಹೆಸರೇನು?’ ಎಂದು ಕೇಳಿದರು. ಹೆಸರು ಕೇಳಿದ್ದು ಹೆಸರಿಗಾಗಿ ಅಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಜೀರ್ ‘ನಾ ಹಂಗಂದಿಲ್ಲ ಅಣ್ಣ’ ಎಂದ. ಮತ್ತೊಮ್ಮೆ ಅಂದ.

ಗಲ್ಲಾದಿಂದ ಮಾಲೀಕರು ಓಡಿಬಂದರು. ಅವರು ಯಾರನ್ನೂ ಏನೂ ಕೇಳಲಿಲ್ಲ. ಜನ ನೋಡಿದರು, ಫೋನು ನೋಡಿದರು. ‘ನಜೀರಾ, ಟವೆಲ್ ಇಟ್ಟು ನಡಿ. ನಾಳೆಯಿಂದ ಬರಬ್ಯಾಡ’ ಎಂದರು. ಕೊರಳಪಟ್ಟಿ ಇನ್ನೂ ಅಳಿಯನ ಮುಷ್ಟಿಯಲ್ಲಿತ್ತು. ನಜೀರ್ ಹಾಗೆಯೇ ನಿಂತು ಹೆಗಲ ಟವೆಲ್ ತೆಗೆದು, ನಾಲ್ಕು ಮಡಿಕೆ ಮಾಡಿ, ನನ್ನ ಟೇಬಲ್ಲಿನ ತುದಿಯಲ್ಲಿಟ್ಟ.

ನಾನು ಎದ್ದೆ. ತಕ್ಷಣ ಎದ್ದೆ ಎಂದೇ ಈವರೆಗೆ ಕೇಳಿದವರಿಗೆಲ್ಲ ಹೇಳಿದ್ದೇನೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

‘ಇಲ್ಲ ಅಂದಿದ್ದು ನಾನು’ ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಅಳಿಯ ನನ್ನ ಕಡೆ ನೋಡದೆಯೇ, ‘ನೀವು ಸುಮ್ಮಕ ಊಟ ಮಾಡ್ರಿ ಅಕ್ಕಾರ, ನಿಮಗೇನು ಗೊತ್ತಿಲ್ಲ’ ಎಂದ. ಮೂರಡಿ ದೂರದಲ್ಲಿದ್ದವಳಿಗೆ ಗೊತ್ತಿಲ್ಲವಂತೆ. ಹೊರಗೆ ಫೋನಿನಲ್ಲಿದ್ದವನಿಗೆ ಗೊತ್ತಂತೆ. ಆಗ ನನಗೆ ರೇಗಿತು. ಹೊಲದ ಆ ತುದಿಯಲ್ಲಿ ಸರಪಳಿ ಹಿಡಿದವನಿಗೆ ಕೂಗುವ ಧ್ವನಿಯೊಂದು ನನ್ನಲ್ಲಿ ಇದೆ. ಅದನ್ನು ಚಾವಣಿಯ ಕೆಳಗೆ ನಾನು ಎಂದೂ ಬಳಸಿದವಳಲ್ಲ. ಬಳಸಿದೆ.

‘ಖಾರ ಇಲ್ಲ ಅಂತ ಹೇಳಿದ್ದು ನಾನು! ಅವನಲ್ಲ, ನಾನು!’

ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಹೋದರು. ನಾನು ಮಹಜರು ಓದುವ ಹಾಗೆ ಓದಿದೆ. ಇವರು ಕೇಳಿದ್ದು ನನ್ನನ್ನು. ಇವರ ಕಡೆ ಖಾರ ಎಂದರೆ ಮಾಂಸ, ನಮ್ಮ ಕಡೆ ಖಾರ ಎಂದರೆ ಮೆಣಸಿನಕಾಯಿ. ನಾನು ನಮ್ಮ ಖಾರಕ್ಕೆ ಉತ್ತರ ಕೊಟ್ಟೆ, ಇವರು ತಮ್ಮ ಖಾರಕ್ಕೆ ಕೇಳಿಸಿಕೊಂಡರು. ನಜೀರನೂ ನಮ್ಮ ಕಡೆಯವನೇ. ತಪ್ಪು ಅವನದಲ್ಲ.

ಇಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ಹಿರಿಯರು ಮೊದಲ ಸಲ ಅಂಗೈಯಿಂದ ಕಣ್ಣೆತ್ತಿದರು.

‘ಹಂಗಾರ ನಿಮ್ಮ ಕಡೀ ಖಾರ ಇತ್ತೇನ್ರಿ ಅದ್ರಾಗ?’

‘ಇತ್ತು.’

‘ಭಾಳ ಇತ್ತು ಕಾಣಸ್ತೈತಿ. ಕಣ್ಣಾಗ ನೀರು ಸುರೀತಿತ್ತಲ್ಲ ನಿಮಗ.’

‘ಹೌದು ರೀ.’

‘ಮತ್ಯಾಕ ಇಲ್ಲ ಅಂದ್ರಿ?’

ನನ್ನ ಮಾತು ಅವರ ಅರ್ಥದಲ್ಲಿ ಸುಳ್ಳಾಗಿತ್ತು ಎಂಬುದಕ್ಕೆ ಎರಡು ಕಡೆಯ ಭಾಷೆಯ ನೆಪವಿತ್ತು. ನನ್ನದೇ ಅರ್ಥದಲ್ಲಿಯೂ ಅದು ಸುಳ್ಳೇ ಆಗಿತ್ತು ಎಂಬುದಕ್ಕೆ ಯಾವ ನೆಪವೂ ಇರಲಿಲ್ಲ. ಮೂವತ್ತು ನಲವತ್ತು ಜನ ನೋಡುತ್ತಿದ್ದರು. ಸೂಜಿಮೆಣಸಿನ ಪಂದ್ಯವನ್ನು ಅವರಿಗೆ ಹೇಗೆ ಹೇಳುವುದು?

‘ದೊಡ್ಡಸ್ತಿಕೆಗೆ ರೀ’ ಎಂದೆ.

ಹಿಂದೆ ಯಾರೋ ಕಿಸಕ್ಕೆಂದರು. ಹಿರಿಯರು ನಗಲಿಲ್ಲ. ನಜೀರನ ಕಡೆ ತಿರುಗಿದರು.

‘ನೀ ಒಳಗ ಹೋಗಿ ಏನ್ ಮಾಡಿಸಿದಿ? ಭಟ್ಟ ಒದರತಿದ್ದ.’

‘ತೊಳಿಸಿದೆ ಅಜ್ಜಾರೆ. ಮಸಾಲೆ ಮೊದಲೇ ಕಲಸಿಟ್ಟಿದ್ರು. ನೀವು ಒಟ್ಟೂ ಬ್ಯಾಡ ಅಂದ್ರಲ್ಲ. ನಲ್ಲೀಲಿ ಮೂರು ಸಲ ತೊಳೆದು ಬರೀ ಉಪ್ಪು ಅರಿಸಿನ ಹಾಕಿಸ್ದೆ. ನಿಮ್ಮ ವಯಸ್ಸಿನೋರಿಗೆ ಹೊಟ್ಟೆ ಉರಿತದೆ ಅಂತ.’

ಹಿರಿಯರು ಅಂಗೈಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿದರು. ಆಮೇಲೆ ಅಳಿಯನಿಗೆ ಹೇಳಿದರು: ‘ನೀ ಅಂದದ್ದು ಖರೇ ಐತಿ. ಬೇಕಂತ್ಲೇ ಮಾಡ್ಯಾನ. ಇಷ್ಟು ಗದ್ದಲದಾಗ ಗುರ್ತಿಲ್ಲದ ಒಬ್ಬ ಮುದುಕನ ಸಲುವಾಗಿ ಒಂದೊಂದು ತುಂಡು ತೊಳಸ್ಯಾನಂದ್ರ, ಬೇಕಂತ್ಲೇ ಮಾಡ್ಯಾನ. ಕೊರಳಪಟ್ಟಿ ಬಿಡು.’

ಅಳಿಯ ಬಿಟ್ಟ. ಅವನ ಮುಖದಲ್ಲಿ ಸಮಾಧಾನವೇನೂ ಇರಲಿಲ್ಲ. ಹಿರಿಯರು ಎದ್ದು ಬೇಸಿನ್ನಿಗೆ ಹೋಗಿ ಬಾಯಿ ಮುಕ್ಕಳಿಸಿದರು. ಮುಕ್ಕಳಿಸುತ್ತಲೇ ಇದ್ದರು. ಜನ ಚದುರಿ ತಮ್ಮ ತಮ್ಮ ತಟ್ಟೆಗಳಿಗೆ ಮರಳಿದರೂ ಆ ಸದ್ದು ನಿಲ್ಲಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ತಿಳಿದ ಮಾತ್ರಕ್ಕೆ ನುಂಗಿದ್ದು ಹೊರಗೆ ಬರುವುದಿಲ್ಲವಲ್ಲ. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ನನ್ನ ಒಂದು ದೊಡ್ಡಸ್ತಿಕೆ ಮುಗಿಸಿತ್ತು. ಹೋಗುವಾಗ ಅವರು ನನ್ನ ಟೇಬಲ್ಲಿನ ಹತ್ತಿರ ನಿಂತರು.

‘ಅಕ್ಕಾರ, ಇನ್ನ ಮ್ಯಾಲೆ ಯಾರರ ಕೇಳಿದ್ರ ಏನ್ ತಿನ್ನಾಕ್ಹತ್ತೀರಿ ಅದರ ಹೆಸರು ಹೇಳ್ರಿ. ರುಚಿ ಹೇಳಬ್ಯಾಡ್ರಿ.’

ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಧೈರ್ಯ ನಾನೂ ಮಾಡಲಿಲ್ಲ. ಮಾಲೀಕರು ಟವೆಲನ್ನು ನಜೀರನ ಹೆಗಲಿಗೆ ತಾವೇ ಹಾಕಿ, ಏನೂ ಆಗಿಲ್ಲವೆಂಬಂತೆ, ‘ಹೊರಗೆ ಮೂರನೇ ಟೇಬಲ್ ನೋಡು’ ಎಂದರು. ಒಂದು ತಪ್ಪಾಯಿತಪ್ಪ ಎಂಬ ಮಾತಿಲ್ಲ. ಆ ಕೋಪ ನನಗೆ ಇನ್ನೂ ಇಳಿದಿಲ್ಲ. ಅವರ ಬುದ್ಧಿಗೆ ಹೊಳೆದ ಪರಿಹಾರವೆಂದರೆ ಮಾರನೆಯ ದಿನ ಪೇಂಟರನ್ನು ಕರೆಸಿದ್ದು.

ಇನ್ನು, ತಕ್ಷಣ ಎದ್ದೆ ಎಂದೆನಲ್ಲ, ಆ ವಿಷಯ.

ಮುಂದಿನ ಬುಧವಾರ ನಾನು ಹೋಗುವ ಹೊತ್ತಿಗೆ ಆ ವೀಡಿಯೊ ಎರಡೂ ತಾಲೂಕಿನ ಫೋನುಗಳಲ್ಲಿ ಓಡಾಡುತ್ತಿತ್ತು. ಅಳಿಯನ ಕೂಗಿನಿಂದ ಶುರುವಾಗಿ, ನಾನು ಮಾತಾಡುವ ಮೊದಲೇ ಮುಗಿಯುತ್ತದೆಂದು ಕೇಳಿದ್ದೆ. ಬೇಕಾದಷ್ಟನ್ನೇ ಕತ್ತರಿಸಿಕೊಂಡಿದ್ದಾರೆ, ಎಂಥ ಜನ ಎಂದು ನಜೀರನ ಮುಂದೆ ಕೂಗಾಡಿದೆ. ‘ನಾನು ತಕ್ಷಣ ಎದ್ದು ಹೇಳಿದ್ದು ಅದರಲ್ಲಿ ಯಾಕಿಲ್ಲ? ತೋರಿಸು, ಎಲ್ಲಿಗೆ ಕತ್ತರಿಸಿದಾರೆ ನೋಡೋಣ’ ಎಂದೆ. ಅವನು ಮೊದಲು ಬೇಡ ಎಂದ. ನಾನು ಬಿಡಲಿಲ್ಲ. ಟವೆಲಿಗೆ ಕೈ ಒರೆಸಿಕೊಂಡು ಫೋನು ತೆಗೆದ.

ಮೂಲೆಯಲ್ಲಿ, ಅಳಿಯನ ಮೊಣಕೈಯ ಹಿಂದೆ, ನಾನಿದ್ದೇನೆ. ತಲೆ ತಗ್ಗಿಸಿ ಕುಳಿತಿದ್ದೇನೆ. ನಜೀರ್ ‘ನಾ ಹಂಗಂದಿಲ್ಲ ಅಣ್ಣ’ ಎನ್ನುತ್ತಿದ್ದಾನೆ. ನನ್ನ ಕೈ ತಟ್ಟೆಗೆ ಹೋಗುತ್ತದೆ. ಒಂದು ತುಂಡು ತೆಗೆದುಕೊಳ್ಳುತ್ತದೆ. ತಿನ್ನುತ್ತೇನೆ. ಎಲುಬನ್ನು ತಟ್ಟೆಯ ಅಂಚಿಗೆ ಸರಿಯಾಗಿ ಜೋಡಿಸಿ ಇಡುತ್ತೇನೆ. ಯಾರೋ ಹೆಸರು ಕೇಳುತ್ತಾರೆ. ನನ್ನ ಕೈ ಮತ್ತೊಂದು ತುಂಡು ತೆಗೆದುಕೊಳ್ಳುತ್ತದೆ. ಅದನ್ನೂ ತಿನ್ನುತ್ತೇನೆ. ಎರಡನೆಯ ಎಲುಬು ಮೊದಲನೆಯದರ ಪಕ್ಕದಲ್ಲಿ, ಸಮಾನಾಂತರವಾಗಿ. ಮಾಲೀಕರು ಬರುತ್ತಾರೆ, ಟವೆಲ್ ಎನ್ನುತ್ತಾರೆ. ಅಲ್ಲಿಗೆ ವೀಡಿಯೊ ಮುಗಿಯುತ್ತದೆ. ಯಾರೂ ನನ್ನನ್ನು ಕತ್ತರಿಸಿರಲಿಲ್ಲ. ಅದು ಮುಗಿಯುವವರೆಗೆ ನಾನು ಎದ್ದೇ ಇರಲಿಲ್ಲ.

ಆ ಎರಡು ತುಂಡು ತಿಂದದ್ದು ನನಗೆ ನೆನಪಿಲ್ಲ. ಇಂದಿಗೂ ಇಲ್ಲ. ಕೋರ್ಟಿನಲ್ಲಿ ಕೇಳಿದ್ದರೆ ಪ್ರಮಾಣ ಮಾಡಿ ಇಲ್ಲ ಎನ್ನುತ್ತಿದ್ದೆ.

‘ನಾನು ಖಾರ ಇಲ್ಲ ಅಂದಿದ್ದು ನಿಂಗೆ ಕೇಳಿಸಿತ್ತಾ?’ ಎಂದೆ.

‘ಕೇಳಿಸಿತ್ತು ಅಕ್ಕ. ನೀರಿನ ಜಗ್ ಹಿಡ್ಕೊಂಡು ಹಿಂದೇನೇ ಇದ್ನಲ್ಲ.’

‘ಮತ್ತೆ ಯಾಕೋ ಹೇಳಲಿಲ್ಲ ನೀನು? ಅವರು ಕೊರಳು ಹಿಡಿದಾಗ?’

ಅವನು ಫೋನನ್ನು ಜೇಬಿಗಿಟ್ಟುಕೊಂಡ. ‘ನಾ ಹೇಳಿದ್ರೆ ತಪ್ಪಿಸ್ಕಳಕೆ ನಿಮ್ಮ ಮೇಲೆ ಹಾಕ್ತಾನೆ ಅಂತಿದ್ರು. ಅದನ್ನ ನೀವೇ ಹೇಳಬೇಕಿತ್ತು’ ಎಂದ. ಹೊರಗಿನಿಂದ ಯಾರೋ ನೀರು ಕೇಳಿದರು. ಹೋಗಲು ತಿರುಗಿದವನು ನನ್ನ ಮುಖ ನೋಡಿ ನಿಂತ. ಸಮಾಧಾನ ಹೇಳುವವರ ದನಿಯಲ್ಲಿ ಹೇಳಿದ:

‘ಹೇಳಿದ್ರಲ್ಲ, ಬಿಡಿ ಅಕ್ಕ. ಎರಡು ಪೀಸ್ ತಡ ಆಯ್ತು, ಅಷ್ಟೆ.’